ಮೊಲದ ಹಲ್ಲು, ಮನೆಯ ವೈರು

ಮನೆಯೊಳಗೆ ಓಡಾಡಲು ಬಿಟ್ಟ ಸಾಕುಮೊಲ ಚಾಪೆ, ಬಾಗಿಲು, ವೈರು ಕಡಿಯುತ್ತದೆಯೆ? ಹೊಡೆಯಬೇಡಿ. ಅದರ ಹಲ್ಲುಗಳು ಸಾಯುವವರೆಗೂ ಬೆಳೆಯುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಅವು ಸವೆಯಲು ನಾರಿನ ಮೇವು ಬೇಕು, ಬರೀ ಕ್ಯಾರೆಟ್ ಸಾಲದು.

ದಿನವಿಡೀ ಒಣಹುಲ್ಲು ಎದುರಿಗಿರಲಿ. ಮಾಸ್ತಿ, ಮಾಲೂರು ಕಡೆ ರೇಷ್ಮೆಹುಳುವಿಗೆ ಸೊಪ್ಪು ಬಿಡಿಸಿದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿ ಕಡಿಯಲು ಒಳ್ಳೆಯದು; ಔಷಧಿ ಹೊಡೆದಿರಬಾರದು, ಅಷ್ಟೆ. ಕಣಗಿಲೆ ಕಡ್ಡಿ ಮಾತ್ರ ವಿಷ, ಕೊಡಲೇಬೇಡಿ.

ವೈರುಗಳನ್ನು ಪೈಪಿನೊಳಗೆ ಹಾಯಿಸಿ, ಇಲ್ಲವೇ ಎತ್ತರಕ್ಕೆ ಕಟ್ಟಿ. ಕಡಿದರೆ ಶಾಕ್ ಹೊಡೆದು ಮೊಲ ಸಾಯಬಹುದು. ಬಾಗಿಲಿಗೆ ಬಾಯಿ ಹಾಕಿದಾಗ ಗದರದೆ ಕಡ್ಡಿ ಮುಂದಿಡಿ.

ಜೊಲ್ಲು ಸುರಿದರೆ ಹಲ್ಲು ಅಡ್ಡ ಬೆಳೆದಿರಬಹುದು. ಅರ್ಧ ದಿನ ಮೇವು ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ ಜೀವಕ್ಕೇ ಅಪಾಯ. ತಡಮಾಡದೆ ಪಶುವೈದ್ಯರಿಗೆ ತೋರಿಸಿ.