ಹಂಗಾಮಿ ಅರಣ್ಯ ಕಾವಲುಗಾರರು ಮತ್ತು ನಾವು



ಕಾಫಿ ಕೊಯ್ಲು ಮುಗಿದು, ಅಡಿಕೆ ಒಣಗಿ ಮೂಟೆ ಸೇರುವ ಹೊತ್ತಿಗೆ ನಮ್ಮ ತೋಟದ ಕೆಲಸ ತುಸು ಹಗುರಾಗುತ್ತದೆ. ಕಾಡಿನ ಕೆಲಸ ಹೆಚ್ಚುವುದು ಆಗಲೇ. ಫೆಬ್ರುವರಿಯಿಂದ ಮಳೆ ಹಿಡಿಯುವ ತನಕ, ತರಗೆಲೆ ಒಣಗಿ ಬಿದ್ದಿರುವ ಕೆಲವು ತಿಂಗಳ ಮಟ್ಟಿಗೆ ಅರಣ್ಯ ಇಲಾಖೆಯವರು ಸುತ್ತಲಿನ ಹಳ್ಳಿ, ಹಾಡಿಗಳ ಜನರನ್ನು ಬೆಂಕಿ ಕಾವಲಿಗೆ ತೆಗೆದುಕೊಳ್ಳುತ್ತಾರೆ. ಬೆಂಕಿರೇಖೆ ಸವರುವುದು, ಎತ್ತರದ ಜಾಗದಲ್ಲಿ ನಿಂತು ಹೊಗೆ ಕಾಣುತ್ತದೆಯೇ ಎಂದು ನೋಡುವುದು, ಬೆಂಕಿ ಬಿದ್ದರೆ ಹಸಿ ಸೊಪ್ಪಿನಿಂದ ಬಡಿದು ಆರಿಸುವುದು ಅವರ ಕೆಲಸ. ಮಳೆ ಹಿಡಿಯಿತೆಂದರೆ ಕೆಲಸವೂ ಮುಗಿಯಿತು.

ಈ ಕೆಲಸಕ್ಕೆ ಇನ್ನೊಂದು ಮುಖವಿದೆ. ಅದು ನನಗೆ ತಿಳಿದದ್ದು ಕಾಡಿನಲ್ಲಲ್ಲ, ಬಯಲುಸೀಮೆಯ ಸಿರುಗುಪ್ಪದಲ್ಲಿ. ಸಂಘದ ಅಂಗಡಿಗೆ ಅಕ್ಕಿ ನೋಡಲು ಅಲ್ಲಿಗೆ ಹೋಗಿದ್ದೆ. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಭತ್ತದ ಕಣಜವಾದ ತಾಲ್ಲೂಕು ಅದು. ಆದರೆ ನೀರು ಹತ್ತದ ಎರೆ ಹೊಲಗಳಲ್ಲಿ ಈಗಲೂ ಜೋಳ, ಕಡಲೆ ಬೆಳೆಯುತ್ತಾರೆ. ಆ ಹೊಲಗಳಲ್ಲೇ ಎರೆಭೂತ ಎಂದು ಕರೆಸಿಕೊಳ್ಳುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ವಾಸ. ಗಂಡು ಹಕ್ಕಿ 15 ಕಿಲೋ ತನಕ ತೂಗಬಲ್ಲದು. ಸಾಮಾನ್ಯವಾಗಿ ಬರಿಯ ನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ನೇರ ಮುಂದಿನದು ಅದಕ್ಕೆ ಸರಿಯಾಗಿ ಕಾಣದ ಕಾರಣ ವಿದ್ಯುತ್ ತಂತಿಗೆ ಬಡಿದು ಸಾಯುವುದುಂಟು. ದೇಶದಲ್ಲಿ ಉಳಿದಿರುವುದು 150ಕ್ಕೂ ಕಡಿಮೆ ಎಂಬ ಅಂದಾಜಿದೆ. ನಮ್ಮ ರಾಜ್ಯದಲ್ಲಿ ಈಚೆಗೆ ಕಂಡಿರುವುದು ಮುಖ್ಯವಾಗಿ ಸಿರುಗುಪ್ಪದ ಕಡೆ, ಅದೂ ಬೆರಳೆಣಿಕೆಯಷ್ಟು.

ಅಲ್ಲಿ ಉದ್ಯಾನದ ಗೇಟಿಲ್ಲ, ಬೇಲಿಯಿಲ್ಲ. ಹಾಗಾದರೆ ಕಾವಲು ಕಾಯುವುದು ಹೇಗೆಂದು ಒಬ್ಬ ವಾಚರನನ್ನು ಕೇಳಿದೆ. "ಹೊಲ ರೈತರದು, ಹಕ್ಕಿ ಸರಕಾರದ್ದು. ನಡುವ ನಿಂತು ಮಾತಾಡೋದು ನನ್ನ ಕೆಲಸ ನೋಡ್ರಿ ಸಾಹೇಬ್ರ" ಎಂದ. ಮೊಟ್ಟೆ ಕಂಡರೆ ಅಲ್ಲಿ ಕುಂಟೆ ಹೊಡೆಯಬೇಡಿ ಎನ್ನಬೇಕು. ಈ ಹಕ್ಕಿ ಮಿಡತೆ ತಿನ್ನುತ್ತದೆ, ನಿಮಗೇ ಉಪಕಾರ ಎಂದು ತಿಳಿಸಬೇಕು. ಬೇಲಿ ಇಲ್ಲದ ಕಡೆ ಮಾತೇ ಬೇಲಿ.

ಈ ತಿಳಿಸಿ ಹೇಳುವ ಕೆಲಸವನ್ನು ಹೊರದೇಶಗಳಲ್ಲಿ ಒಂದು ಕಸುಬಾಗಿಯೇ ಬೆಳೆಸಿದ್ದಾರೆ. ಅಮೆರಿಕದ ಯೊಸೆಮಿಟಿ ಉದ್ಯಾನದಲ್ಲಿ 1920ರಲ್ಲೇ ಬೇಸಿಗೆ ಹಂಗಾಮಿಗೆಂದು ಪ್ರಕೃತಿ ಮಾರ್ಗದರ್ಶಕರನ್ನು ನೇಮಿಸಿದರು. ನಮ್ಮಲ್ಲಿಯೂ ಉದಾಹರಣೆ ಇಲ್ಲದಿಲ್ಲ. ಕೊಡಗಿನವರೇ ಆದ ಕೆ. ಎಂ. ಚಿಣ್ಣಪ್ಪನವರು ನಾಗರಹೊಳೆಯಲ್ಲಿ ರೇಂಜರ್ ಆಗಿ ದುಡಿದು, 1993ರಲ್ಲಿ ಹುದ್ದೆ ಬಿಟ್ಟ ಮೇಲೂ ಶಾಲಾ ಮಕ್ಕಳಿಗೆ ಪ್ರಕೃತಿ ಶಿಬಿರಗಳನ್ನು ನಡೆಸಿದರು. 2024ರಲ್ಲಿ ಅವರು ತೀರಿಕೊಂಡರು. ಕಳ್ಳಬೇಟೆ ತಡೆಯಲು ಕೋವಿ ಹಿಡಿದ ಮನುಷ್ಯ ಕಡೆಗೆ ನಂಬಿದ್ದು ಮಕ್ಕಳೊಂದಿಗಿನ ಮಾತನ್ನು ಎಂಬುದು ಗಮನಿಸತಕ್ಕದ್ದು.

ಈ ವಿಚಾರ ನಮಗೇಕೆ ಎಂದು ಕೇಳಬಹುದು. ನನ್ನ ತಪ್ಪನ್ನೇ ಹೇಳುತ್ತೇನೆ. ಹತ್ತು ಹನ್ನೆರಡು ವರ್ಷಗಳ ಹಿಂದೆ ತೋಟದ ಅಂಚಿನಲ್ಲಿ ಗುಡಿಸಿದ ತರಗಿಗೆ ಬೆಂಕಿ ಕೊಟ್ಟು ಊಟಕ್ಕೆ ಬಂದೆ. ಗಾಳಿ ಎದ್ದು ಬೆಂಕಿ ಗುಡ್ಡಕ್ಕೆ ಹತ್ತಿತು. ಮೊದಲು ಓಡಿ ಬಂದವನು ಆ ವರ್ಷದ ಹಂಗಾಮಿ ಕಾವಲುಗಾರ. ಡಿಸೆಂಬರಿನಲ್ಲಿ ನನ್ನ ತೋಟದಲ್ಲೇ ಹಣ್ಣು ಕೊಯ್ದವನು. ಬೆಂಕಿ ಆರಿಸಿ ಕೂತಾಗ, "ಯಜಮಾನ್ರೇ, ಬೆಳಿಗ್ಗೆ ಒಂದು ಮಾತು ಹೇಳಿದ್ದರೆ ನಾನೇ ಬಂದು ನಿಲ್ಲುತ್ತಿದ್ದೆ" ಎಂದಷ್ಟೇ ಹೇಳಿದ. ಮಾರನೆಯ ವರ್ಷ ಅವನನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಗುಡ್ಡದ ಪ್ರತಿ ಜಾಡು, ಗಾಳಿ ತಿರುಗುವ ಪ್ರತಿ ಕಣಿವೆ ಅವನಿಗೆ ಗೊತ್ತಿತ್ತು. ಹೊಸಬ ಅದನ್ನೆಲ್ಲ ಮೊದಲಿನಿಂದ ಕಲಿಯಬೇಕಾಯಿತು. ಹಂಗಾಮಿ ಕೆಲಸದ ದೊಡ್ಡ ಕೊರತೆ ಇದೇ. ಕೂಲಿ ಹೋಗುವುದು ಅವನೊಬ್ಬನಿಗಾದರೂ, ತಿಳಿವಳಿಕೆ ಹೋಗುವುದು ನಮ್ಮೆಲ್ಲರಿಗೂ.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಒಂದು, ತರಗು ಸುಡಬೇಡಿ. ಅದು ಗಿಡದ ಬುಡಕ್ಕೆ ಮುಚ್ಚಿಗೆಯಾಗಿ ತೇವ ಉಳಿಸುತ್ತದೆ, ಕೊಳೆತರೆ ಗೊಬ್ಬರ. ಕಾಡಿನ ಅಂಚಿನಲ್ಲಿ ಬೆಂಕಿ ಹಾಕಲೇಬೇಕಾಗಿ ಬಂದರೆ ಕಾವಲುಗಾರನಿಗೆ ಮುಂಚಿತವಾಗಿ ತಿಳಿಸಿ. ಎರಡು, ನಿಮ್ಮ ಗಡಿಗೆ ಯಾರು ಕಾವಲಿದ್ದಾರೆಂದು ಜನವರಿಯಲ್ಲೇ ವಿಚಾರಿಸಿ ಹೆಸರು, ಫೋನ್ ನಂಬರು ಬರೆದಿಟ್ಟುಕೊಳ್ಳಿ. ಮೂರು, ಕೊಯ್ಲು ಮುಗಿದ ಮೇಲೆ ಕೆಲಸ ಹುಡುಕುವ ನಮ್ಮ ಕೆಲಸಗಾರರಲ್ಲಿ ಕಾಡು ಬಲ್ಲವರಿದ್ದರೆ ಅವರ ಹೆಸರನ್ನು ವಲಯ ಕಚೇರಿಗೆ ಸೂಚಿಸಿ. ಅನುಭವಿಗಳನ್ನೇ ವರ್ಷ ವರ್ಷವೂ ತೆಗೆದುಕೊಳ್ಳುವಂತೆ ಸಂಘದಿಂದಲೂ ಮನವಿ ಕೊಡೋಣ.

ಆನೆ, ಮಂಗಟ್ಟೆ ಹಕ್ಕಿ ನಮ್ಮ ತೋಟಕ್ಕೂ ಬರುತ್ತವೆ. ಅವುಗಳಿಗೆ ಸರ್ವೆ ಕಲ್ಲು ತಿಳಿಯದು. ಸಿರುಗುಪ್ಪದ ಹೊಲದಂತೆ ನಮ್ಮದೂ ಬೇಲಿ ಇಲ್ಲದ ಕಾಡೇ. ಮುಂದಿನ ಸರ್ವಸದಸ್ಯರ ಸಭೆಗೆ ಒಬ್ಬ ಕಾವಲುಗಾರನನ್ನು ಕರೆಸಿ, ಅರ್ಧ ಗಂಟೆ ಅವನ ಮಾತು ಕೇಳೋಣವೆಂಬ ಸಲಹೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅಭಿಪ್ರಾಯ ತಿಳಿಸಬೇಕಾಗಿ ಕೋರಿಕೆ.

— ಕಾರ್ಯದರ್ಶಿ