ಅಟ್ಟದ ಮೇಲಿನ ಕೋವಿಗೆ ವಾರಸುದಾರರು ಯಾರು?

ಮೊನ್ನೆ ತೀರ್ಥಹಳ್ಳಿ ಬಸ್ಸಿಗಾಗಿ ಕಾಯುತ್ತ ಬೀಡಾ ಅಂಗಡಿಯ ನೆರಳಿನಲ್ಲಿ ನಿಂತಿದ್ದೆ. ಪರಿಚಯದ ಅಡಕೆ ಬೆಳೆಗಾರರೊಬ್ಬರು ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು: "ಸ್ವಾಮೀ, ಅಪ್ಪಯ್ಯ ಹೋಗಿ ಮೂರು ವರ್ಷವಾಯ್ತು. ಅವರ ಕೇಪಿನ ಕೋವಿ ಇನ್ನೂ ಅಟ್ಟದ ಮೇಲೇ ಇದೆ. ತುಕ್ಕು ಹಿಡಿದು ಕೂತಿದೆ, ಕುದುರೆಯೂ ಮುರಿದಿದೆ. ಇದರಿಂದ ಏನೂ ತೊಂದರೆ ಇಲ್ಲ ತಾನೇ?"

ತೊಂದರೆ ಇದೆ ಮಾರಾಯ್ರೇ ಎಂದೆ. ಅವರ ಮುಖ ಸಣ್ಣದಾಯಿತು.

ಮಲೆನಾಡಿನಲ್ಲಿ ಈ ಪ್ರಶ್ನೆ ಅವರೊಬ್ಬರದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವ ಕೋವಿ ಎಷ್ಟೋ ಮನೆಗಳಲ್ಲಿ ಹಾರೆ, ಕತ್ತಿಗಳ ಜತೆಗೇ ಇತ್ತು. ಹೊಡೆಯುವವರು ಹೋದರು, ಕೋವಿ ಉಳಿಯಿತು. ಮಕ್ಕಳು ಜಮೀನಿನ ಖಾತೆ ಬದಲಾಯಿಸಿಕೊಂಡರು, ಕರೆಂಟಿನ ಮೀಟರಿಗೂ ಹೆಸರು ಹಾಕಿಸಿಕೊಂಡರು. ಕೋವಿಯ ನೆನಪು ಮಾತ್ರ ಯಾರಿಗೂ ಆಗಲಿಲ್ಲ.

ಕಾನೂನು ಏನು ಹೇಳುತ್ತದೆ? 1959ರ ಶಸ್ತ್ರಾಸ್ತ್ರ ಕಾಯ್ದೆ ದಿಲ್ಲಿಯದು, ಬೆಂಗಳೂರಿನದಲ್ಲ. ಲೈಸೆನ್ಸು ಕೊಡುವ ಕೈ ಮಾತ್ರ ಜಿಲ್ಲಾಧಿಕಾರಿಯದು. ಲೈಸೆನ್ಸು ಮನುಷ್ಯನ ಹೆಸರಿಗೇ ಹೊರತು ಮನೆಯ ಹೆಸರಿಗಲ್ಲ. ಮನುಷ್ಯ ಸತ್ತರೆ ಅದೂ ಮುಗಿಯಿತು. ಆಮೇಲೆ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸುಳ್ಳ ಬಂದೂಕು ವ್ಯಾಪಾರಿಗೋ ಒಪ್ಪಿಸಬೇಕು. ಸುಮ್ಮನೆ ಇಟ್ಟುಕೊಂಡರೆ ಅದು ಪರವಾನಗಿ ಇಲ್ಲದ ಕೋವಿ. 2019ರ ತಿದ್ದುಪಡಿಯ ನಂತರ ಅದಕ್ಕೆ ಎರಡು ವರ್ಷಕ್ಕೆ ಕಮ್ಮಿಯಿಲ್ಲದ, ಐದು ವರ್ಷದವರೆಗಿನ ಜೈಲು; ಮೇಲೆ ದಂಡ.

"ಆದರೆ ಅದು ಕೆಟ್ಟಿದೆಯಲ್ಲ!" ಎಂದರು ನಮ್ಮ ಬೆಳೆಗಾರರು. ಎಲ್ಲರೂ ಎಡವುವುದು ಇಲ್ಲೇ. ಹಳೇ ಕಾಲದ, ಬಳಕೆಗೆ ಬಾರದ ಆಯುಧಕ್ಕೆ ಕಾಯ್ದೆಯ 45ನೇ ಕಲಮು ವಿನಾಯಿತಿ ಕೊಟ್ಟಿರುವುದು ನಿಜ. ಆದರೆ ಕೆಟ್ಟದ್ದು ರಿಪೇರಿ ಮಾಡಿದರೂ ಕೋವಿಯಾಗಿ ನಡೆಯುವಂತಿರಬಾರದು ಎಂಬುದು ಅಲ್ಲಿಯ ಷರತ್ತು. ಮುರಿದ ಕುದುರೆಯನ್ನು ಊರ ಕಮ್ಮಾರ ಅರ್ಧ ದಿನದಲ್ಲಿ ಕೂರಿಸಿಬಿಡುತ್ತಾನೆ. ಅಂದಮೇಲೆ ಅದು ಕೋವಿಯೇ. ಅಂದಹಾಗೆ ಹಾಗೆ ಕೂರಿಸುವುದಕ್ಕೆ ಕಮ್ಮಾರನಿಗೂ ಲೈಸೆನ್ಸು ಬೇಕು. ಕಳ್ಳಕೋವಿ ತಯಾರಿಸಿದವರಿಗಂತೂ ಈಗ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ.

ಹೆದರಿಸಿ ಕಳಿಸುವುದು ನನ್ನ ಉದ್ದೇಶವಲ್ಲ. ಇದೇ ಕಾನೂನಿನಲ್ಲಿ ರೈತನ ಪರವಾದ ಮಾತುಗಳೂ ಇವೆ, ಅವನ್ನು ಯಾರೂ ಹೇಳುವುದಿಲ್ಲ. ಬೆಳೆ ಕಾಯಲಿಕ್ಕೆ ನಿಜವಾಗಿ ಬೇಕು ಎಂದು ಕೇಳಿದವರಿಗೆ ಬಾಯಿಂದ ಮದ್ದು ತುಂಬುವ ಕೋವಿಯ ಲೈಸೆನ್ಸು ಕೊಡತಕ್ಕದ್ದು ಎಂದು 13ನೇ ಕಲಮಿನಲ್ಲೇ ಇದೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಕಾರಣ ಬರೆದಿಡಬೇಕು, ಅದರ ಮೇಲೆ ಅಪೀಲೂ ಉಂಟು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಶಾಂತಿಭಂಗದ ಅನುಮಾನ, ಶಿಕ್ಷೆಯಾದ ಹಿನ್ನೆಲೆ ಇದ್ದವರ ಮಾತು ಬೇರೆ.

ಇನ್ನು ಅಪ್ಪನ ಕೋವಿ ಮಗನಿಗೆ ಬರಲು 2016ರ ನಿಯಮಗಳಲ್ಲಿ ದಾರಿ ಇದೆ. ಲೈಸೆನ್ಸುದಾರ ತೀರಿಕೊಂಡರೆ ವಾರಸುದಾರ ಅರ್ಜಿ ಹಾಕಬಹುದು. ಅಷ್ಟೇ ಅಲ್ಲ, ಯಜಮಾನರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ಬದುಕಿದ್ದಾಗಲೇ ತಮ್ಮ ವಾರಸುದಾರರಲ್ಲಿ ಒಬ್ಬರನ್ನು ಹೆಸರಿಸಬಹುದು. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೋವಿ ಮಾತ್ರ ಇಲ್ಲ. ಪಿತ್ರಾರ್ಜಿತವಾದರೂ ಲೆಕ್ಕ ಲೆಕ್ಕವೇ.

ಅಭಯಾರಣ್ಯದ ಅಂಚಿನವರಿಗೆ ಇನ್ನೊಂದು ಗಂಟಿದೆ. ಭದ್ರಾ, ಸೋಮೇಶ್ವರ, ಮೂಕಾಂಬಿಕಾ ಮುಂತಾದ ಅಭಯಾರಣ್ಯಗಳಿಂದ 10 ಕಿಲೋಮೀಟರಿನೊಳಗೆ ಹೊಸ ಲೈಸೆನ್ಸು ಬೇಕಾದರೆ ಮುಖ್ಯ ವನ್ಯಜೀವಿ ಪಾಲಕರು ಮೊದಲೇ ಒಪ್ಪಬೇಕು. ಹಂದಿ ಬಂದು ತೋಟ ಉತ್ತುಹಾಕುವುದು ಹೆಚ್ಚಾಗಿ ಇದೇ ಊರುಗಳಲ್ಲಿ. ಕೋವಿ ಬೇಕಾದವನಿಗೇ ಬಾಗಿಲು ಗಟ್ಟಿ! ಲೈಸೆನ್ಸು ಸಿಕ್ಕಿದರೂ ಅದು ಹಂದಿ ಹೊಡೆಯುವ ಪರವಾನಗಿಯಲ್ಲ. ಗಾಳಿಗೆ ಈಡು ಹಾರಿಸಿ ಬೆದರಿಸಬಹುದು. ಕೊಂದರೆ 1972ರ ವನ್ಯಜೀವಿ ಕಾಯ್ದೆಯ ಕೇಸು. ಅದರ ಮೇಲೆ ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ತಂದಿಡಿ ಎಂಬ ಕರೆ. ಆ ತಿಂಗಳುಗಳಲ್ಲಿ ಹಂದಿಗಳಿಗೆ ಹಬ್ಬ.

"ನಮ್ಮ ಭಾವನವರು ಕೊಡಗಿನವರು, ಅವರಿಗೆ ಲೈಸೆನ್ಸೇ ಬೇಡವಂತೆ, ಅವರ ಹೆಸರಲ್ಲಿ ಇಟ್ಟರೆ?" ಎಂದು ಬೀಡಾ ಅಂಗಡಿಯವರೂ ಮಾತಿಗೆ ಬಂದರು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇರುವುದು ಹೌದು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಜನ ಅವರು. ಆದರೆ ಆ ವಿನಾಯಿತಿ ಪಿಸ್ತೂಲಿಗಿಲ್ಲ, ನೆಂಟರ ಅಟ್ಟದ ಕೋವಿಗಂತೂ ಇಲ್ಲವೇ ಇಲ್ಲ.

"ಹಾಗಾದರೆ ನಾಳೆಯೇ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತೇನೆ" ಎಂದರು ಬೆಳೆಗಾರರು. ಅಯ್ಯೋ, ಅದು ಬೇಡ. ದಾರಿಯಲ್ಲಿ ಸಿಕ್ಕಿಬಿದ್ದರೆ ಠಾಣೆಗೆ ಹೊರಟಿದ್ದೆ ಎಂದು ನಂಬಿಸುವುದು ಕಷ್ಟ. ಮೊದಲು ಠಾಣೆಗೆ ಬರೆದು ತಿಳಿಸಿ, ಅಪ್ಪಯ್ಯನ ಮರಣ ಪತ್ರ, ಹಳೇ ಲೈಸೆನ್ಸು ಪುಸ್ತಕ ತೋರಿಸಿ, ಅವರು ಹೇಳಿದಂತೆ ಒಪ್ಪಿಸಿ, ರಸೀದಿ ಕೇಳಿ ಪಡೆಯಿರಿ. ಮೂರು ವರ್ಷ ತಡವಾದದ್ದಕ್ಕೆ ಪ್ರಶ್ನೆ ಬಂದೇ ಬರುತ್ತದೆ. ಪರಿಚಯದ ವಕೀಲರೊಬ್ಬರನ್ನು ಜತೆಗೆ ಕರೆದುಕೊಂಡು ಹೋಗುವುದು ಲೇಸು ಎಂದೆ.

"ಲೈಸೆನ್ಸು ಪುಸ್ತಕ ಅಮ್ಮನ ಟ್ರಂಕಿನಲ್ಲಿ ಇರಬೇಕು, ಕಂದಾಯದ ರಸೀದಿಗಳ ಅಡಿಯಲ್ಲಿ" ಎನ್ನುತ್ತ ಅವರು ಬಸ್ಸು ಹತ್ತಿದರು.