ಆಲೇಖಗಳ ರೂಪನಿರ್ಣಯ ಮತ್ತು ಜಾನಪದ ಅಧ್ಯಯನ: ಕುಕನೂರು ಪರಿಸರವನ್ನು ಅನುಲಕ್ಷಿಸಿ

ಜಾನಪದ ಕ್ಷೇತ್ರಕಾರ್ಯದಲ್ಲಿ ದೊರೆತ ಸಾಮಗ್ರಿಯನ್ನು ಕೋಷ್ಟಕ ಹಾಗೂ ಆಲೇಖಗಳ ಮೂಲಕ ಮಂಡಿಸುವ ಪದ್ಧತಿ ಇಂದು ಸಾಮಾನ್ಯವಾಗಿದೆ. ಜಾತ್ರೆಗಳ ಕಾಲಾನುಕ್ರಮ, ಕಲಾತಂಡಗಳ ಹಂಚಿಕೆ, ಹಾಡುಗಾರರ ವಯೋಮಾನ ಮೊದಲಾದ ವಿವರಗಳು ಹೀಗೆ ಚಿತ್ರರೂಪ ಪಡೆಯುತ್ತವೆ. ಆದರೆ ಪಠ್ಯದ ವಿಷಯದಲ್ಲಿ ಸಂಶೋಧಕರು ತೋರುವ ಎಚ್ಚರ ಆಲೇಖದ ವಿಷಯದಲ್ಲಿ ಕಾಣುವುದಿಲ್ಲ. ಒಂದು ಪಾಠಾಂತರವನ್ನು ಉಳಿಸಬೇಕೆ ಬಿಡಬೇಕೆ ಎಂದು ಪುಟಗಟ್ಟಲೆ ಚರ್ಚಿಸುವವರೇ ಆಲೇಖದ ಅಕ್ಷರ, ಕ್ರಮ, ಅಳತೆ, ಬಣ್ಣಗಳನ್ನು ಗಣಕಯಂತ್ರದ ತೀರ್ಮಾನಕ್ಕೆ ಬಿಟ್ಟುಬಿಡುತ್ತಾರೆ. ಈ ನಾಲ್ಕೂ ಅಂಶಗಳು ಅಲಂಕಾರವಲ್ಲ, ಅರ್ಥನಿರ್ಣಯದ ಭಾಗ ಎಂಬುದನ್ನು ಕುಕನೂರು ಪರಿಸರದ ನಿದರ್ಶನಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸಾಧನದ ಸ್ವರೂಪ

ಗಣಕ ಪರಿಭಾಷೆಯಲ್ಲಿ ಲೈಬ್ರರಿ ಎಂದರೆ ಪುಸ್ತಕಾಲಯವಲ್ಲ. ಒಂದು ಬಗೆಯ ಕೆಲಸಕ್ಕಾಗಿ ಮೊದಲೇ ಬರೆದಿಟ್ಟ ಆದೇಶಗಳ ಸಂಗ್ರಹ. ಪೈಥಾನ್ ಭಾಷೆಯಲ್ಲಿ ಆಲೇಖ ರಚನೆಗೆ ಹೆಚ್ಚು ಬಳಕೆಯಲ್ಲಿರುವ ಮ್ಯಾಟ್‌ಪ್ಲಾಟ್‌ಲಿಬ್ ಇಂಥ ಒಂದು ಸಂಗ್ರಹ. ನರಜೀವವಿಜ್ಞಾನಿ ಜಾನ್ ಹಂಟರ್ ಇದನ್ನು ರೂಪಿಸಿದರು. 2003ರಲ್ಲಿ ಇದು ಮೊದಲು ಬಿಡುಗಡೆಯಾಯಿತು. ಅಂಕಿಗಳನ್ನಷ್ಟೇ ಕೊಟ್ಟರೂ ಇದು ಆಲೇಖವೊಂದನ್ನು ಬರೆದುಕೊಡುತ್ತದೆ. ಅಕ್ಷರಶೈಲಿ, ಚೌಕಟ್ಟಿನ ಗೆರೆ, ಅಳತೆಪಟ್ಟಿ, ಬಣ್ಣಗಳ ಸರಣಿ ಎಲ್ಲಕ್ಕೂ ಅದರಲ್ಲಿ ಪೂರ್ವನಿಗದಿತ ರೂಪಗಳಿವೆ. ಅವುಗಳಲ್ಲಿ ಪ್ರತಿಯೊಂದನ್ನೂ ಬದಲಿಸಲು ಅವಕಾಶವೂ ಇದೆ. ಬದಲಾವಣೆಗಳನ್ನು ಒಂದು ಶೈಲಿಕಡತದಲ್ಲಿ ಬರೆದಿಟ್ಟರೆ ಇಡೀ ಗ್ರಂಥದ ಆಲೇಖಗಳೆಲ್ಲ ಏಕರೂಪದಲ್ಲಿ ಮೂಡುತ್ತವೆ. ಪೂರ್ವನಿಗದಿತ ರೂಪವೆಂದರೆ ಬೇರೊಬ್ಬರು, ಬೇರೊಂದು ಓದುಗವರ್ಗವನ್ನು ಕಣ್ಣಮುಂದಿರಿಸಿಕೊಂಡು ಮಾಡಿದ ಆಯ್ಕೆ ಎಂಬುದನ್ನು ಇಲ್ಲಿ ನೆನಪಿಡಬೇಕು.

2. ಅಕ್ಷರ

ಈ ಮಾತಿನ ಮೊದಲ ಸಾಕ್ಷ್ಯ ಕನ್ನಡ ಅಕ್ಷರವೇ. ಮ್ಯಾಟ್‌ಪ್ಲಾಟ್‌ಲಿಬ್‌ನ ಪೂರ್ವನಿಗದಿತ ಅಕ್ಷರಶೈಲಿಯಾದ ಡೆಜಾವು ಸಾನ್ಸ್‌ನಲ್ಲಿ ಕನ್ನಡ ಲಿಪಿಯಿಲ್ಲ; ಊರ ಹೆಸರುಗಳ ಜಾಗದಲ್ಲಿ ಖಾಲಿ ಚೌಕಗಳು ಮೂಡುತ್ತವೆ. ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಅಕ್ಷರಶೈಲಿಯನ್ನು ಸೂಚಿಸಿದರೆ ಚೌಕಗಳು ಹೋಗುತ್ತವೆ, ತೊಡಕು ಪೂರ್ತಿ ಹೋಗುವುದಿಲ್ಲ.

ಯೂನಿಕೋಡ್‌ನಲ್ಲಿ ‘ಕೊಪ್ಪಳ’ ಎಂಬ ಪದದ ‘ಪ್ಪ’ವು ‘ಪ’, ವಿರಾಮಚಿಹ್ನೆ, ‘ಪ’ ಎಂಬ ಮೂರು ಸಂಕೇತಗಳಾಗಿ ದಾಖಲಾಗಿರುತ್ತದೆ. ಇವನ್ನು ಬೆಸೆದು ಎರಡನೆಯ ‘ಪ’ಕಾರವನ್ನು ಒತ್ತಾಗಿ ಕೆಳಗಿಳಿಸುವುದು ಅಕ್ಷರಸಂಯೋಜನೆಯ ಕೆಲಸ. ಮ್ಯಾಟ್‌ಪ್ಲಾಟ್‌ಲಿಬ್‌ನ 3.10ನೆಯ ಆವೃತ್ತಿಯವರೆಗೂ ಈ ಕೆಲಸ ಅದರ ಸಾಮಾನ್ಯ ರಚನೆಯಲ್ಲಿ ನಡೆಯುತ್ತಿರಲಿಲ್ಲ. ಸಂಕೇತಗಳು ಒಂದರ ಪಕ್ಕದಲ್ಲೊಂದು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಹೀಗಾಗಿ ‘ಕೊಪ್ಪಳ’, ‘ಕುಷ್ಟಗಿ’ ಎಂಬಲ್ಲಿ ಒತ್ತಕ್ಷರ ಒಡೆಯುತ್ತದೆ. ‘ಯಲಬುರ್ಗಾ’ ಎಂಬಲ್ಲಿ ಅರ್ಕಾವತ್ತು ಸ್ಥಾನ ತಪ್ಪುತ್ತದೆ. ‘ಗಂಗಾವತಿ’ ಎಂಬಲ್ಲಿ ದೀರ್ಘ ಹಾಗೂ ಗುಡಿಸುಗಳು ಮೂಲಾಕ್ಷರದೊಡನೆ ಕೂಡಿಕೊಳ್ಳುವುದಿಲ್ಲ. ಒತ್ತಕ್ಷರವಿಲ್ಲದ, ಕೊಂಬುಗಳಷ್ಟೇ ಇರುವ ‘ಕುಕನೂರು’ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಒಂದೇ ಊರಿನ ಹೆಸರನ್ನು ಬರೆಯಿಸಿ ನೋಡಿ ಎಲ್ಲವೂ ಸರಿಯಿದೆಯೆಂದು ನಿರ್ಧರಿಸುವುದು ಅಪಾಯಕರ.

ಇದಕ್ಕೆ ಪರಿಹಾರಗಳಿವೆ. ಆಲೇಖವನ್ನು ಎಸ್‌ವಿಜಿ ರೂಪದಲ್ಲಿ, ಅಕ್ಷರಗಳನ್ನು ಗೆರೆಗಳಾಗಿಸದೆ ಪಠ್ಯವಾಗಿಯೇ ಉಳಿಸಿಕೊಂಡರೆ, ಅದನ್ನು ತೆರೆಯುವ ಬ್ರೌಸರ್ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಅಲ್ಲಿಂದ ಪಿಡಿಎಫ್ ಮಾಡಿಕೊಂಡರೆ ಮುದ್ರಣಕ್ಕೆ ಕಳುಹಿಸಬಹುದು. ಜೀಲಾಟೆಕ್ ಮೂಲಕ ಅಕ್ಷರ ಜೋಡಿಸುವುದು ಇನ್ನೊಂದು ಮಾರ್ಗ. ನುಡಿ ತಂತ್ರಾಂಶದ ಹಳೆಯ ಸಂಕೇತಕ್ರಮದಲ್ಲಿರುವ ಸಾಮಗ್ರಿಯನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಅಗತ್ಯ. ಈ ಶ್ರಮಕ್ಕೆ ಹಿಂಜರಿದು ಪ್ರಕಾರನಾಮಗಳನ್ನು ರೋಮನ್ ಲಿಪಿಯಲ್ಲಿ ಬರೆಯುವುದುಂಟು. ಹಾಗೆ ಬರೆದಾಗ ಹಾಡಿದವರ ಮನೆಯವರೇ ಆ ಆಲೇಖವನ್ನು ಓದಲಾರದವರಾಗುತ್ತಾರೆ.

3. ಕ್ರಮ

ಜಾತ್ರೆಗಳನ್ನು ಮಾಸವಾರು ತೋರಿಸುವ ಆಲೇಖವೊಂದನ್ನು ಪರಿಭಾವಿಸಬಹುದು. ಅಂಕಿಗಳನ್ನು ಗುಂಪುಗೂಡಿಸುವ ಪಾಂಡಾಸ್ ಎಂಬ ಮತ್ತೊಂದು ಲೈಬ್ರರಿಯು, ಬೇರೆ ಸೂಚನೆಯಿಲ್ಲದಿದ್ದರೆ, ಹೆಸರುಗಳನ್ನು ಸಂಕೇತಗಳ ಕ್ರಮದಲ್ಲಿ ವಿಂಗಡಿಸುತ್ತದೆ. ಆಗ ವರ್ಷವು ಆಶ್ವಯುಜದಿಂದ ಆರಂಭವಾಗಿ ಶ್ರಾವಣಕ್ಕೆ ಮುಗಿಯುತ್ತದೆ. ಚೈತ್ರಾದಿ ಕ್ರಮವನ್ನು ಸಂಶೋಧಕರೇ ವಿಧಿಸಬೇಕಾಗುತ್ತದೆ.

ಅಷ್ಟಕ್ಕೇ ಪ್ರಶ್ನೆ ಮುಗಿಯುವುದಿಲ್ಲ. ಯುಗಾದಿಯಿಂದ ಆರಂಭಿಸಿದರೆ, ಸುಗ್ಗಿಯ ಸುತ್ತಿನಿಂದ ಬೇಸಿಗೆಯವರೆಗೆ ಹಬ್ಬುವ ಜಾತ್ರೆಗಳ ಕಾಲ ಎರಡು ತುಂಡಾಗುತ್ತದೆ. ಪುಷ್ಯ ಮಾಸದ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಆಲೇಖದ ಬಲತುದಿಗೂ ಚೈತ್ರ, ವೈಶಾಖಗಳ ಜಾತ್ರೆಗಳು ಎಡತುದಿಗೂ ಸರಿಯುತ್ತವೆ. ಕಾರ್ತಿಕದಿಂದ ಆರಂಭಿಸಿದರೆ ಕೃಷಿಚಕ್ರದೊಡನೆ ಜಾತ್ರೆಗಿರುವ ಸಂಬಂಧ ಒಂದೇ ನೋಟಕ್ಕೆ ಗೋಚರಿಸುತ್ತದೆ. ಹಿಜರಿ ಪಂಚಾಂಗವನ್ನು ಅನುಸರಿಸುವ ಮೊಹರಂ ಋತುಮಾನಕ್ಕೆ ಕಟ್ಟುಬೀಳದೆ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಅದನ್ನು ಯಾವುದೋ ಒಂದು ಮಾಸದ ಸ್ತಂಭಕ್ಕೆ ಸೇರಿಸದೆ ಪ್ರತ್ಯೇಕವಾಗಿ ಗುರುತಿಸಬೇಕು.

ತಾಲ್ಲೂಕುವಾರು ಆಲೇಖಗಳಲ್ಲಿಯೂ ಇಂಥದೇ ಎಚ್ಚರ ಬೇಕು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯಲ್ಲಿ 2011ರ ಜನಗಣತಿಯ ವೇಳೆಗೆ ಇದ್ದುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕುಗಳು. ಕುಕನೂರು, ಕನಕಗಿರಿ, ಕಾರಟಗಿಗಳು ಅನಂತರ ರಚನೆಯಾದವು. 2011ರ ತಾಲ್ಲೂಕು ಅಂಕಿಗಳಲ್ಲಿ ಕುಕನೂರು ಯಲಬುರ್ಗಾದೊಳಗೇ ಅಡಗಿದೆ. ಈ ಸಂಗತಿಯನ್ನು ಆಲೇಖದ ಮೇಲೆಯೇ ನಮೂದಿಸದಿದ್ದರೆ ಹೊಸ ಕ್ಷೇತ್ರಕಾರ್ಯದ ಅಂಕಿಗಳೊಡನೆ ಅವನ್ನು ಹೋಲಿಸುವವರು ದಾರಿ ತಪ್ಪುತ್ತಾರೆ.

4. ಅಳತೆ

2001ರ ಜನಗಣತಿಯ ಪ್ರಕಾರ ಕೊಪ್ಪಳ ಜಿಲ್ಲೆಯ ಪುರುಷ ಸಾಕ್ಷರತೆ ಶೇ. 68.43, ಮಹಿಳಾ ಸಾಕ್ಷರತೆ ಶೇ. 39.61. 2011ರಲ್ಲಿ ಇವು ಕ್ರಮವಾಗಿ ಶೇ. 78.54 ಹಾಗೂ 57.55. ಈ ನಾಲ್ಕು ಅಂಕಿಗಳನ್ನು ಎರಡು ರೇಖೆಗಳಾಗಿ ಬರೆಯಿಸಿದರೆ ಮ್ಯಾಟ್‌ಪ್ಲಾಟ್‌ಲಿಬ್ ಲಂಬಾಕ್ಷವನ್ನು ಸೊನ್ನೆಯಿಂದ ಆರಂಭಿಸದೆ ಅತ್ಯಂತ ಚಿಕ್ಕ ಅಂಕಿಯ ತುಸು ಕೆಳಗಿನಿಂದ, ಎಂದರೆ ಸುಮಾರು 38ರಿಂದ ಆರಂಭಿಸುತ್ತದೆ. ಪರಿಣಾಮವಾಗಿ 2001ರಲ್ಲಿ ಮಹಿಳೆಯರ ರೇಖೆ ಆಲೇಖದ ತಳಕ್ಕೆ ಅಂಟಿಕೊಳ್ಳುತ್ತದೆ. ಅಕ್ಷರಬಲ್ಲ ಹೆಣ್ಣುಮಕ್ಕಳೇ ಇರಲಿಲ್ಲವೆಂಬ ಭಾವನೆ ಮೂಡುತ್ತದೆ. ಬೀಸುವ ಪದ, ಸೋಬಾನೆ ಪದಗಳ ಸಂಪ್ರದಾಯವನ್ನು ಅನಕ್ಷರತೆಯೊಂದರಿಂದಲೇ ವಿವರಿಸುವ ಹಳೆಯ ನಿಲುವಿಗೆ ಇಂಥ ಚಿತ್ರ ಹುಸಿ ಪುರಾವೆಯಾಗುತ್ತದೆ. ಅಕ್ಷದ ಮಿತಿಯನ್ನು ಸೊನ್ನೆಯಿಂದ ನೂರಕ್ಕೆ ನಿಗದಿಪಡಿಸಿದರೆ ಮೂರು ಸಂಗತಿಗಳು ಯಥಾಪ್ರಮಾಣದಲ್ಲಿ ಕಾಣುತ್ತವೆ: ಅಂತರ ದೊಡ್ಡದಿತ್ತು, ಹತ್ತು ವರ್ಷಗಳಲ್ಲಿ ಅದು ಸುಮಾರು 29ರಿಂದ 21 ಅಂಶಗಳಿಗೆ ಇಳಿಯಿತು, ಆದರೂ ಉಳಿದಿತ್ತು.

ದೊಡ್ಡ ಸಂಖ್ಯೆಗಳಲ್ಲಿ ಇನ್ನೊಂದು ತೊಡಕಿದೆ. 2011ರಲ್ಲಿ 13,89,920 ಇದ್ದ ಜಿಲ್ಲೆಯ ಜನಸಂಖ್ಯೆಯನ್ನು ಪೂರ್ವನಿಗದಿತ ರೂಪವು ಹತ್ತರ ಆರನೆಯ ಘಾತದಲ್ಲಿ ಸೂಚಿಸುತ್ತದೆ. ಲಕ್ಷಗಳಲ್ಲಿ ಎಣಿಸುವ ನಮ್ಮ ಓದುಗರಿಗಾಗಿ ಅಂಕಿವಿನ್ಯಾಸವನ್ನೂ ಬದಲಿಸಬೇಕು.

5. ಬಣ್ಣ

ಬಣ್ಣವು ಎಲ್ಲಕ್ಕಿಂತ ಸೂಕ್ಷ್ಮವಾದುದು. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಹಬ್ಬ. ರಿವಾಯತ್ ಪದಗಳನ್ನು ಹಾಡುವ ಮೇಳಗಳಲ್ಲಿ ಎರಡೂ ಸಮುದಾಯದವರು ಇರುತ್ತಾರೆ. ಅಂಥ ಮೇಳಗಳ ಆಲೇಖದಲ್ಲಿ ಒಂದು ಸಮುದಾಯಕ್ಕೆ ಕೇಸರಿ, ಇನ್ನೊಂದಕ್ಕೆ ಹಸಿರು ಬಳಿದರೆ, ಕ್ಷೇತ್ರದಲ್ಲಿ ಒಂದಾಗಿರುವುದನ್ನು ಕಾಗದದ ಮೇಲೆ ಒಡೆದಂತಾಗುತ್ತದೆ. ಹಾಡುಗಾರಿಕೆ, ಹೆಜ್ಜೆಕುಣಿತ, ವಾದ್ಯ ಎಂದು ಪಾತ್ರವನ್ನು ಆಧರಿಸಿ ಬಣ್ಣ ಹಂಚುವುದು ಆಚರಣೆಯ ಸ್ವರೂಪಕ್ಕೆ ಹೆಚ್ಚು ನಿಷ್ಠವಾದ ಕ್ರಮ.

ಮುದ್ರಣದ ಮಿತಿಯನ್ನೂ ಗಮನಿಸಬೇಕು. ಕಪ್ಪುಬಿಳುಪು ಮುದ್ರಣದಲ್ಲಿ ಸಮಾನ ತೀವ್ರತೆಯ ಕೆಂಪು ಹಸಿರುಗಳು ಒಂದೇ ಬೂದುಬಣ್ಣಕ್ಕೆ ತಿರುಗುತ್ತವೆ. ಕೆಂಪು ಹಸಿರುಗಳ ಭೇದ ಕಾಣದ ಓದುಗರಿಗೂ ಅವು ಒಂದೇ. ಸ್ತಂಭಗಳಿಗೆ ಓರೆಗೆರೆ, ಚುಕ್ಕಿ, ಜಾಲರಿಗಳನ್ನು ತುಂಬುವ ಸೌಲಭ್ಯವಿರುವುದರಿಂದ ಬಣ್ಣವನ್ನೇ ನೆಚ್ಚಬೇಕಾಗಿಲ್ಲ.

6. ಸಮಾರೋಪ

ಅಕ್ಷರ, ಕ್ರಮ, ಅಳತೆ, ಬಣ್ಣ ಇವು ನಾಲ್ಕೂ ಸಂಪಾದನೆಯ ನಿರ್ಣಯಗಳು. ಪಠ್ಯಸಂಪಾದಕರು ತಾವು ಅನುಸರಿಸಿದ ತತ್ವಗಳನ್ನು ಪೀಠಿಕೆಯಲ್ಲಿ ಹೇಳುವಂತೆ ಆಲೇಖಕಾರರೂ ತಮ್ಮ ಆಯ್ಕೆಗಳನ್ನು ಹೇಳಬೇಕು. ಮಹಾಪ್ರಬಂಧಗಳನ್ನು ಸಂಗ್ರಹಿಸುವ ಗ್ರಂಥಾಲಯಗಳು ಆಲೇಖದ ಚಿತ್ರದೊಡನೆ ಮೂಲ ಅಂಕಿಗಳು, ರಚನಾದೇಶಗಳು, ಶೈಲಿಕಡತ ಹಾಗೂ ಬಳಸಿದ ಆವೃತ್ತಿಯ ವಿವರವನ್ನೂ ಕಾಪಿಡುವುದು ಉಚಿತ. ಆಗ ಮುಂದಿನ ಸಂಶೋಧಕರು ಅದೇ ಸಾಮಗ್ರಿಯನ್ನು ಬೇರೊಂದು ಕ್ರಮದಲ್ಲಿ ಜೋಡಿಸಿ ಪರಿಶೀಲಿಸಲು ಸಾಧ್ಯವಾಗುತ್ತದೆ. ಮೌಖಿಕ ಪರಂಪರೆಯ ಸಾಮಗ್ರಿಯನ್ನು ಅಂಕಿಗಳಾಗಿ ಪರಿವರ್ತಿಸುವಾಗ ಬಹಳಷ್ಟು ಕಳೆದುಹೋಗುವುದು ಅನಿವಾರ್ಯ. ಉಳಿದದ್ದನ್ನಾದರೂ ಆ ಜನರೇ ಓದಿ, ತಪ್ಪಿದ್ದರೆ ತಿದ್ದಬಲ್ಲ ರೂಪದಲ್ಲಿ ಮಂಡಿಸುವುದು ಜಾನಪದ ವಿದ್ವಾಂಸರ ಹೊಣೆ.